ಅನೀವನ್ ಅಂದರೆ ಏನು, ಎಲ್ಲಿ ಹೇಗೆ ಬಳಸಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪದಗಳ ಬಗ್ಗೆ ಮಾತು ಬಂದಾಗಲೆಲ್ಲ ‘ಅನೀವನ್’ ಎಲ್ಲಿಂದಲೋ ಬಂದೇ ಬರುತ್ತದೆ. ಆರೇ ಅಕ್ಷರ. ಯು, ಎನ್, ಇ, ವಿ, ಇ, ಎನ್. ನೋಡೋಕೆ ಸುಲಭ, ಆದರೆ ಕನ್ನಡಕ್ಕೆ ತರುವಾಗ ಎಲ್ಲರೂ ಒಂದು ಕ್ಷಣ ನಿಲ್ಲುತ್ತಾರೆ. ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಸೂಕ್ಷ್ಮದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಅನೀವನ್ ಅಂದ್ರೆ ಒಂದೇ ಮಾತಿನಲ್ಲಿ ಏನು?

ಸಮ ಇಲ್ಲದ್ದು. ‘ಈವನ್’ ಅಂದರೆ ಸಮ, ಅದರ ಮುಂದೆ ‘ಅನ್’ ಸೇರಿದೆ. ನೆಲ ಇರಬಹುದು, ಹೊಲಿಗೆ ಇರಬಹುದು, ಉಸಿರು, ಬಣ್ಣ, ಶಾಖ, ಒಬ್ಬರ ಕೆಲಸ, ಯಾವುದಾದರೂ ಸರಿ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇದ್ದರೆ ಅದು ಅನೀವನ್. ಒಂದೇ ವಸ್ತುವಿನ ಒಳಗೇ ವ್ಯತ್ಯಾಸ ಇರುವುದು ಈ ಪದದ ಜೀವಾಳ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಉಚ್ಚಾರ ಹೇಗೆ? ನಾನು ‘ಅನ್-ಎವೆನ್’ ಅಂತ ಓದ್ತಿದ್ದೆ

ತುಂಬಾ ಜನ ಹಾಗೆ ಓದುತ್ತಾರೆ, ಅದಕ್ಕೆ ಕಾರಣವೂ ಇದೆ. ‘ಸೆವೆನ್’, ‘ಇಲೆವೆನ್’ ಬರೆಯುವಾಗ ಕೊನೆಯ ನಾಲ್ಕು ಅಕ್ಷರ ಇವೇ ತಾನೇ? ಆದರೆ ಇಲ್ಲಿ ಓದುವ ರೀತಿ ಬೇರೆ. ಅನ್, ಈ, ವನ್ ಅಂತ ಮೂರು ತುಂಡು. ಒತ್ತು ನಡುವಿನ ‘ಈ’ ಮೇಲೆ, ಅದನ್ನು ಎಳೆದು ಹೇಳಬೇಕು. ಕೊನೆಯ ‘ವನ್’ ತೀರಾ ಹಗುರ, ‘ವ್ನ್’ ಅಂದಷ್ಟೇ ಕೇಳಿಸುತ್ತದೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದ ಹೇಳಿಬಿಡಿ, ಸಾಕು

ಒಂದು ಪದ ಹೇಳೋದಕ್ಕೆ ಆಗಲ್ಲ. ಕನ್ನಡದಲ್ಲಿ ಪದ ಕಡಿಮೆ ಅಂತಲ್ಲ, ಬೇಕಾದಷ್ಟಿವೆ.

ಇಂಗ್ಲಿಷ್ ‘ಸಮ ಇಲ್ಲ’ ಅಂತ ಹೇಳಿ ಸುಮ್ಮನಾಗುತ್ತದೆ. ಸಮ ಇಲ್ಲದೆ ಹೇಗಿದೆ ಅಂತ ಹೇಳಲ್ಲ. ಕನ್ನಡ ಎರಡು ಬದಿಯನ್ನೂ ಹೆಸರು ಹಿಡಿದು ಕರೆಯುತ್ತದೆ. ತಗ್ಗುದಿಣ್ಣೆ ಅನ್ನಿ, ಅಲ್ಲಿ ತಗ್ಗೂ ಇದೆ, ದಿಣ್ಣೆಯೂ ಇದೆ. ಏರಿಳಿತ ಅನ್ನಿ, ಏರುವುದೂ ಇಳಿಯುವುದೂ ಎರಡೂ ಕಣ್ಣಿಗೆ ಕಟ್ಟುತ್ತವೆ. ಉಬ್ಬುತಗ್ಗು, ಹೆಚ್ಚುಕಡಿಮೆ, ಅಂಕುಡೊಂಕು, ಓರೆಕೋರೆ, ಏರುಪೇರು, ಎಲ್ಲವೂ ಜೋಡಿಗಳೇ ನೋಡಿ. ಸಮ ಇಲ್ಲದ್ದನ್ನು ಹೇಳುವಾಗ ನಮ್ಮ ಬಾಯಿಗೆ ಜೋಡಿ ಪದ ತಾನಾಗಿ ಬರುತ್ತದೆ. ನನಗೆ ಇದು ಕನ್ನಡದ ತುಂಬಾ ದೊಡ್ಡ ಅನುಕೂಲ ಅನ್ನಿಸುತ್ತದೆ.

ಹಾಗಾಗಿ ಅನೀವನ್ ಕಂಡ ಕೂಡಲೇ ಪದ ಹುಡುಕಬೇಡಿ. ಆ ವಸ್ತುವನ್ನು ನೋಡಿ. ದಾರಿ ಅನೀವನ್ ಅಂದರೆ ತಗ್ಗುದಿಣ್ಣೆಯ ದಾರಿ. ಗೋಡೆಯ ಗಾರೆ ಅನೀವನ್ ಅಂದರೆ ಉಬ್ಬುತಗ್ಗು. ಕತ್ತರಿಸಿದ ಕಾಗದದ ಅಂಚು ಆದರೆ ಅಂಕುಡೊಂಕು. ಹಲ್ಲಿನ ಸಾಲು ಓರೆಕೋರೆ. ಉಸಿರಾಟ ಏರುಪೇರು. ಕೆಲಸದ ಹಂಚಿಕೆ ಆದರೆ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ. ಬಟ್ಟೆಯ ಬಣ್ಣಕ್ಕೆ ಜೋಡಿ ಪದ ಒಗ್ಗಲ್ಲ, ಅಲ್ಲಿ ಬಿಡಿಸಿಯೇ ಹೇಳಬೇಕು: ಒಂದು ಕಡೆ ಗಾಢ, ಒಂದು ಕಡೆ ತಿಳಿ. ಬಿಡಿಸಿ ಹೇಳಿದರೆ ಅನುವಾದ ಸೋತಿತು ಅಂತ ಅಂದುಕೊಳ್ಳಬೇಡಿ. ಓದುವವರಿಗೆ ಅದೇ ಚೆನ್ನಾಗಿ ಮುಟ್ಟುತ್ತದೆ.

‘ಅಸಮ’ ಇದೆಯಲ್ಲ? ‘ವಿಷಮ’ ಕೂಡ ಇದೆ. ಅವನ್ನೇ ಬಳಸಿದರೆ ಏನು?

‘ಅಸಮ’ ತಪ್ಪಲ್ಲ. ಪಠ್ಯಪುಸ್ತಕ, ವರದಿ, ಶಾಸ್ತ್ರದ ಬರಹದಲ್ಲಿ ‘ಅಸಮ ಹಂಚಿಕೆ’ ಚೆನ್ನಾಗಿಯೇ ಕೂರುತ್ತದೆ. ‘ನೆಲ ಅಸಮವಾಗಿದೆ, ನೋಡಿಕೊಂಡು ನಡೀರಿ’ ಅಂದರೆ ಮಾತ್ರ ಯಾರೋ ಫಲಕ ಓದಿದ ಹಾಗಿರುತ್ತದೆ.

‘ವಿಷಮ’ದ ಕಥೆ ಬೇರೆ. ಅದು ಕಟ್ಟಿಕೊಂಡಿರುವ ರೀತಿ ಅನೀವನ್ ಥರವೇ. ‘ಸಮ’ದ ಮುಂದೆ ‘ವಿ’ ಸೇರಿ, ಸ ಹೋಗಿ ಷ ಬಂದು ‘ವಿಷಮ’. ಅದರಲ್ಲಿ ವಿಷ ಇಲ್ಲವೇ ಇಲ್ಲ. ಆದರೆ ಇವತ್ತಿನ ಕನ್ನಡದಲ್ಲಿ ‘ಪರಿಸ್ಥಿತಿ ವಿಷಮಿಸಿತು’ ಅಂದರೆ ಕೈ ಮೀರಿತು ಅಂತ ಅರ್ಥ. ವಿಷಮಶೀತ ಜ್ವರ ಅಂತ ಟೈಫಾಯ್ಡ್‌ಗೆ ಹೇಳುತ್ತೇವೆ. ಮೂಲ ಅರ್ಥ ಸರಿ ಅಂತ ಇದನ್ನು ಅನೀವನ್ ಜಾಗಕ್ಕೆ ತಂದರೆ ಓದುವವರು ಹೆದರುತ್ತಾರೆ. ಪದದ ಹುಟ್ಟಿಗಿಂತ ಇವತ್ತು ಅದು ಎಲ್ಲಿ ಓಡಾಡುತ್ತಿದೆ ಅನ್ನೋದು ಮುಖ್ಯ.

ಈವ್ನಿಂಗ್‌ಗೂ ಈ ಈವನ್‌ಗೂ ಸಂಬಂಧ ಇದೆಯಾ?

ಇಲ್ಲ. ಬರೆಯೋದು ಒಂದೇ ಥರ ಕಾಣುತ್ತದೆ ಅಷ್ಟೇ. ಸಂಜೆಯ ‘ಈವ್ನಿಂಗ್’ ಹಳೆ ಇಂಗ್ಲಿಷ್‌ನ ಬೇರೆಯೇ ಪದದಿಂದ ಬಂದದ್ದು. ಆದರೆ ‘ಈವನ್ ಹೀ ಕೇಮ್’ ಅನ್ನುವಾಗಿನ ‘ಈವನ್’ ಇದೆಯಲ್ಲ, ಅದು ಸಮ ಅನ್ನುವ ಈವನ್‌ನದೇ ಇನ್ನೊಂದು ಮುಖ.

## ದಿನದ ಬಳಕೆಯ ಪ್ರಶ್ನೆಗಳು

‘ನಾಟ್ ಈವನ್’ ಅಂದ್ರೂ ‘ಅನೀವನ್’ ಅಂದ್ರೂ ಒಂದೇ ಅಲ್ವಾ?

ಕೆಲವು ಸಲ ಒಂದೇ. ಹೆಚ್ಚಿನ ಸಲ ಅಲ್ಲ. ‘ದ ಫ್ಲೋರ್ ಈಸ್ ನಾಟ್ ಈವನ್’ ಅಂದರೆ ನೆಲ ಸಮ ಇಲ್ಲ, ಸರಿ. ‘ಇಟ್ ಈಸ್ ನಾಟ್ ಈವನ್ ಅ ಫ್ಲೋರ್’ ಅಂದರೆ ಇದು ನೆಲವೇ ಅಲ್ಲ ಅಂತ ಆಗುತ್ತದೆ. ಅವೇ ಪದ, ಜಾಗ ಬದಲಾಯಿತು, ಅರ್ಥ ಎಲ್ಲಿಂದ ಎಲ್ಲಿಗೋ ಹೋಯಿತು.

‘ನಾಟ್ ಈವನ್’ ಆದ ಮೇಲೆ ಇನ್ನೊಂದು ಪದ ಬಂದರೆ ಅದು ಕನ್ನಡದಲ್ಲಿ ನಾವು ಕೊನೆಗೆ ಸೇರಿಸುವ ‘ಊ’ ಇದ್ದ ಹಾಗೆ. ‘ನಾಟ್ ಈವನ್ ಒನ್’ ಅಂದರೆ ಒಂದೂ ಇಲ್ಲ. ‘ನಾಟ್ ಈವನ್ ಹೀ’ ಅಂದರೆ ಅವನೂ ಇಲ್ಲ. ಅನೀವನ್‌ಗೆ ಈ ಕೆಲಸ ಬರಲ್ಲ. ಬರೆಯುವಾಗ ಅನುಮಾನ ಬಂದರೆ ಅನೀವನ್ ಅಂತಲೇ ಬರೆಯಿರಿ, ಆಗ ಯಾರೂ ತಪ್ಪು ತಿಳಿಯಲ್ಲ.

ಟೇಬಲ್ ಅಲ್ಲಾಡ್ತಿದ್ರೆ ‘ಟೇಬಲ್ ಅನೀವನ್’ ಅನ್ನಬೇಕಾ, ‘ನೆಲ ಅನೀವನ್’ ಅನ್ನಬೇಕಾ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಏಕೆಂದರೆ ಇಲ್ಲಿ ಪದ ಸರಿಯಾಗಿ ಕೂರಬೇಕಾದರೆ ಬಗ್ಗಿ ಟೇಬಲ್ ಕೆಳಗೆ ನೋಡಲೇಬೇಕು.

ಮೊದಲಿಗೆ, ‘ದ ಟೇಬಲ್ ಈಸ್ ಅನೀವನ್’ ಅಂದರೆ ಕೇಳುವವರು ಮೇಲಿನ ಹಲಗೆಯನ್ನು ನೋಡುತ್ತಾರೆ. ಹಲಗೆ ಉಬ್ಬಿದೆಯೇನೋ, ಬರೆಯುವಾಗ ಪೆನ್ನು ಎಗರುತ್ತದೆಯೇನೋ ಅಂತ. ಅಲ್ಲಾಡುವುದಕ್ಕೆ ‘ವಾಬಲ್’ ಅಂತ ಬೇರೆ ಪದವೇ ಇದೆ. ಅಲ್ಲಾಡುವುದಕ್ಕೆ ಕಾರಣ ಹೇಳುವಾಗ ಅನೀವನ್ ಬರುತ್ತದೆ. ಒಂದು ಕಾಲು ಗಿಡ್ಡ ಇದ್ದರೆ ಕಾಲುಗಳು ಅನೀವನ್. ಕಾಲು ಸರಿಯಿದ್ದು ನೆಲ ತಗ್ಗಿದ್ದರೆ ನೆಲ ಅನೀವನ್.

ಯಾವುದು ಅಂತ ಗೊತ್ತಾಗೋದು ಹೇಗೆ? ಟೇಬಲ್ ಚೌಕ ಇದ್ದರೆ ಇದ್ದಲ್ಲೇ ನಿಧಾನಕ್ಕೆ ತಿರುಗಿಸಿ. ನಾಲ್ಕೂ ಕಾಲು ಸಮ ಇದ್ದು, ನೆಲದಲ್ಲಿ ಮೆಟ್ಟಿಲಿನಂಥ ಕಡಿತ ಅಥವಾ ತೀರಾ ಕಡಿದಾದ ಇಳಿಜಾರು ಇಲ್ಲದಿದ್ದರೆ, ಒಂದು ಸುತ್ತಿನ ನಾಲ್ಕನೇ ಒಂದು ಭಾಗ ಮುಗಿಯುವುದರೊಳಗೆ ನಾಲ್ಕೂ ಕಾಲು ಊರಿಕೊಳ್ಳುವ ಒಂದು ಜಾಗ ಸಿಕ್ಕೇ ಸಿಗುತ್ತದೆ. ಇದು ಗಣಿತದಲ್ಲಿ ಸಾಬೀತಾದ ಮಾತು. ಹಾಗೆ ತಿರುಗಿಸಿದಾಗ ಎಲ್ಲೋ ಒಂದು ಕಡೆ ಅಲ್ಲಾಟ ನಿಂತರೆ ದೋಷ ನೆಲದ್ದು. ಎಲ್ಲಿ ತಿರುಗಿಸಿದರೂ ಅದೇ ಮೂಲೆ ಎದ್ದೆದ್ದು ಬೀಳುತ್ತಿದ್ದರೆ ಕಾಲಿನದ್ದು. ಮೂರು ಕಾಲಿನ ಸ್ಟೂಲ್‌ಗೆ ಈ ತಾಪತ್ರಯವೇ ಇಲ್ಲ. ನೆಲ ಹೇಗೇ ಇರಲಿ, ಮೂರೂ ಕಾಲು ಊರುತ್ತವೆ. ಸ್ಟೂಲ್ ವಾಲಬಹುದು, ಆದರೆ ಅಲ್ಲಾಡಲ್ಲ.

ಬೆಸ ಸಂಖ್ಯೆಗೆ ‘ಅನೀವನ್ ನಂಬರ್’ ಅನ್ನಬಹುದಾ? ಸಮ ಸಂಖ್ಯೆ ಈವನ್ ನಂಬರ್ ತಾನೇ?

ಹಳೆ ಇಂಗ್ಲಿಷ್ ಪುಸ್ತಕಗಳಲ್ಲಿ ಆ ಬಳಕೆ ಇತ್ತು, ನಿಘಂಟುಗಳಲ್ಲಿ ಈಗಲೂ ಕಾಣುತ್ತದೆ. ಆದರೆ ಈಗ ಹೇಳೋದು ‘ಆಡ್ ನಂಬರ್’ ಅಂತಲೇ. ಡಚ್ ಭಾಷೆಯಲ್ಲಿ ಮಾತ್ರ ಈ ಪದದ ನೆಂಟ ‘ಓನೇವನ್’ ಇವತ್ತಿಗೂ ಬೆಸ ಸಂಖ್ಯೆ ಅನ್ನುವ ಅರ್ಥದಲ್ಲೇ ಇದೆ.

ಒಂದು ಸೊಗಸು ಗಮನಿಸಿ. ಕನ್ನಡದಲ್ಲೂ ನೆಲ ಸಮ, ಸಂಖ್ಯೆಯೂ ಸಮ. ವಿರುದ್ಧ ಪದ ಹೇಳುವಾಗ ಮಾತ್ರ ದಾರಿ ಎರಡಾಗುತ್ತದೆ. ನೆಲಕ್ಕೆ ಬೆಸ ಅನ್ನಲ್ಲ, ಸಂಖ್ಯೆಗೆ ತಗ್ಗುದಿಣ್ಣೆ ಅನ್ನಲ್ಲ. ಇಂಗ್ಲಿಷ್‌ನಲ್ಲೂ ಅದೇ ಆಗಿದೆ.

ಇನ್ನೂ ಜಾಸ್ತಿ ಅನೀವನ್ ಅನ್ನೋಕೆ ‘ಅನೀವನರ್’ ಅಂತಾರಾ?

ಬೇಡ. ‘ಮೋರ್ ಅನೀವನ್’, ‘ಮೋಸ್ಟ್ ಅನೀವನ್’ ಅಂತಲೇ ಹೇಳಿ. ಕ್ರಿಯೆಯ ಜೊತೆಗಾದರೆ ‘ಅನೀವನ್ಲಿ’: ಬಣ್ಣ ಅನೀವನ್ಲಿ ಒಣಗಿತು. ಗುಣದ ಹೆಸರು ‘ಅನೀವನ್ನೆಸ್’. ಇದನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ನಡುವೆ ಎರಡು ಎನ್ ಬೇಕು, ಕೊನೆಗೆ ಎರಡು ಎಸ್ ಬೇಕು. ಒಂದು ಎನ್ ಬಿಟ್ಟುಹೋಗುವುದು ತುಂಬಾ ಸಾಮಾನ್ಯ.

ಇದರ ಜೊತೆ ‘ಇನ್’ ಹಾಕಬೇಕಾ?

ಯಾವ ವಿಷಯದಲ್ಲಿ ಸಮ ಇಲ್ಲ ಅಂತ ಹೇಳಬೇಕಾದರೆ ಹೌದು. ‘ಅನೀವನ್ ಇನ್ ಥಿಕ್‌ನೆಸ್’ ಅಂದರೆ ದಪ್ಪದಲ್ಲಿ ಹೆಚ್ಚುಕಡಿಮೆ ಇದೆ. ‘ಅನೀವನ್ ಇನ್ ಕ್ವಾಲಿಟಿ’ ಅಂದರೆ ಗುಣಮಟ್ಟ ಒಂದೇ ಥರ ಇಲ್ಲ. ಕನ್ನಡದ ‘ಅಲ್ಲಿ’ ವಿಭಕ್ತಿಗೆ ಸರಿಯಾಗಿ ಹೊಂದುತ್ತದೆ.

## ಹತ್ತಿರದ ಪದಗಳು, ಬೇರೆ ಬೇರೆ ಕಡೆಯ ಬಳಕೆ

ರಫ್, ಬಂಪಿ, ಪ್ಯಾಚಿ, ಲಾಪ್‌ಸೈಡೆಡ್, ಇರ‍್ರೆಗ್ಯುಲರ್... ಎಲ್ಲಾ ಅನೀವನ್ನೇ ತಾನೇ?

ಎಲ್ಲವೂ ಒಂದೇ ಮನೆತನ. ಆದರೆ ಒಂದೊಂದಕ್ಕೂ ಒಂದೊಂದು ಕೆಲಸ. ಹೊಸದಾಗಿ ಬಣ್ಣ ಹೊಡೆದ ಒಂದು ಗೋಡೆ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ.

ಅಂಗೈ ಇಟ್ಟರೆ ತರಿತರಿ ಅನ್ನಿಸಿತು, ಅದು ರಫ್. ಬೆರಳು ಓಡಿಸಿದಾಗ ಅಲ್ಲೊಂದು ಇಲ್ಲೊಂದು ಗಂಟು ಸಿಕ್ಕಿತು, ಅದು ಬಂಪಿ. ಎರಡು ಹೆಜ್ಜೆ ಹಿಂದೆ ಬಂದು ನೋಡಿದಾಗ ಅಲ್ಲಲ್ಲಿ ಬಣ್ಣ ಹತ್ತಿದೆ, ಅಲ್ಲಲ್ಲಿ ಹಳೆ ಬಣ್ಣ ಇಣುಕುತ್ತಿದೆ, ಅದು ಪ್ಯಾಚಿ. ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಸಿಕ್ಕಿ ಅಲ್ಲಲ್ಲಿ ಹೋಗುವುದಕ್ಕೂ ಪ್ಯಾಚಿ ಅನ್ನುತ್ತಾರೆ, ಅದಕ್ಕೆ ಕನ್ನಡದ ‘ಅಲ್ಲಲ್ಲಿ’ಯೇ ಜೀವ. ಗೋಡೆಗೆ ಹಾಕಿದ ಚಿತ್ರ ಒಂದು ಪಕ್ಕಕ್ಕೆ ವಾಲಿದೆ, ಅದು ಲಾಪ್‌ಸೈಡೆಡ್. ಕೆಳಗಿನ ಅಂಚಿನ ಬಣ್ಣದ ಪಟ್ಟಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಇದಕ್ಕೆ ಅನೀವನ್. ಪಕ್ಕದಲ್ಲಿ ಹಚ್ಚಿದ ಚುಕ್ಕಿಗಳ ನಡುವೆ ಅಂತರಕ್ಕೆ ಒಂದು ಕ್ರಮವೇ ಇಲ್ಲದಿದ್ದರೆ ಇರ‍್ರೆಗ್ಯುಲರ್.

ಅನೀವನ್ ಇವುಗಳಲ್ಲಿ ಎಲ್ಲಕ್ಕಿಂತ ಅಗಲವಾದ ಪದ. ಮಿಕ್ಕ ಪದ ತಿಳಿಯದಿದ್ದಾಗ ಅನೀವನ್ ಅಂದರೆ ನಡೆದುಹೋಗುತ್ತದೆ. ತಿಳಿದಿದ್ದರೆ ನಿಖರವಾದ ಪದವನ್ನೇ ಆರಿಸಿ.

ಅನೀಕ್ವಲ್ ಮತ್ತು ಅನೀವನ್ ನಡುವೆ ನನಗೆ ಯಾವಾಗಲೂ ಗೊಂದಲ

ಅನೀಕ್ವಲ್ ಅಂದಾಗ ಎರಡೋ ಮೂರೋ ಬೇರೆ ಬೇರೆ ವಸ್ತು ಅಕ್ಕಪಕ್ಕ ಇಟ್ಟು ಅಳೆಯುತ್ತೀರಿ. ಎರಡು ಕೋಲು ಅನೀಕ್ವಲ್, ಅಂದರೆ ಒಂದು ಉದ್ದ, ಒಂದು ಗಿಡ್ಡ. ಒಂದೇ ಕೋಲು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಇದ್ದರೆ ಅನೀವನ್.

ಸಮಾಜದ ವಿಷಯಕ್ಕೆ ಬಂದಾಗ ಇನ್ನೊಂದು ಪದರ ಸೇರುತ್ತದೆ. ಮಳೆಯ ಹಂಚಿಕೆ ಅನೀವನ್ ಅಂದರೆ ಒಂದು ಕಡೆ ಜಾಸ್ತಿ ಬಿತ್ತು, ಒಂದು ಕಡೆ ಕಡಿಮೆ, ಯಾರ ತಪ್ಪೂ ಇಲ್ಲ. ಆಸ್ತಿಯ ಹಂಚಿಕೆ ಅನೀಕ್ವಲ್ ಅಂದ ಕೂಡಲೇ ಅನ್ಯಾಯದ ವಾಸನೆ ಬರುತ್ತದೆ. ಹಕ್ಕು, ಅವಕಾಶ, ಕೂಲಿ ಇಂಥವುಗಳ ಬಗ್ಗೆ ಬರೆಯುವಾಗ ಅನೀವನ್ ಅಂತ ಬರೆದರೆ ವಿಷಯ ಮೆತ್ತಗಾಗುತ್ತದೆ. ಅನ್ಯಾಯ ಇದ್ದ ಕಡೆ ಅದನ್ನು ಹೇಳುವ ಪದವನ್ನೇ ಬಳಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕ್ರಿಕೆಟ್ ಕಾಮೆಂಟರಿಯಲ್ಲಿ ‘ಅನೀವನ್ ಬೌನ್ಸ್’ ಅಂತಾರಲ್ಲ, ಚೆಂಡು ಜಾಸ್ತಿ ಪುಟಿಯುತ್ತದೆ ಅಂತಾನಾ?

ಅಲ್ಲ. ಜಾಸ್ತಿ ಪುಟಿದರೆ ಅದು ‘ಎಕ್ಸ್‌ಟ್ರಾ ಬೌನ್ಸ್’. ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿದ್ದ ಎರಡು ಚೆಂಡಿನಲ್ಲಿ ಒಂದು ಎದೆಯ ಎತ್ತರಕ್ಕೆ ಎದ್ದು, ಇನ್ನೊಂದು ಕಾಲಿನ ಗಿಣ್ಣಿನ ಬಳಿ ಜಾರಿಕೊಂಡು ಹೋದರೆ ಅದು ಅನೀವನ್ ಬೌನ್ಸ್. ಪಿಚ್ ಸವೆದು ಬಿರುಕು ಬಿಟ್ಟ ಮೇಲೆ ಹೀಗಾಗುವುದು ಹೆಚ್ಚು. ಬರೀ ಎತ್ತರ ಪುಟಿಯುವ ಪಿಚ್‌ಗೆ ಬ್ಯಾಟರ್ ಹೊಂದಿಕೊಳ್ಳಬಹುದು. ಏನು ಬರುತ್ತದೆ ಅಂತ ಊಹಿಸೋದಕ್ಕೇ ಆಗದ ಪಿಚ್‌ಗೆ ಹೊಂದಿಕೊಳ್ಳುವುದು ಕಷ್ಟ. ಇಲ್ಲಿ ಅನೀವನ್ ಅನ್ನೋದು ಒಂದು ಚೆಂಡಿನ ಗುಣ ಅಲ್ಲ, ಹಲವು ಚೆಂಡು ನೋಡಿದ ಮೇಲೆ ಪಿಚ್ ಬಗ್ಗೆ ಹೇಳುವ ಮಾತು.

ಟೈರ್‌ನಲ್ಲಿ ‘ಅನೀವನ್ ವೇರ್’ ಇದೆ ಅಂದರು. ಏನರ್ಥ?

ಟೈರ್ ಎಲ್ಲಾ ಕಡೆ ಒಂದೇ ಥರ ಸವೆದಿಲ್ಲ ಅಂತ. ಕೂತು ಟೈರ್ ಮೇಲೆ ಅಡ್ಡಕ್ಕೆ ಕೈ ಆಡಿಸಿದರೆ ಗೊತ್ತಾಗುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಸಾಮಾನ್ಯವಾಗಿ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತೋರಿಸಿ.

ಜಿಮ್ನಾಸ್ಟಿಕ್ಸ್‌ನಲ್ಲಿ ‘ಅನೀವನ್ ಬಾರ್ಸ್’ ಯಾಕೆ ಅಂತಾರೆ? ಬಾರ್ ಡೊಂಕಾಗಿರುತ್ತಾ?

ಬಾರ್ ಅಂದರೆ ಇಲ್ಲಿ ಹಿಡಿದು ತೂಗಾಡುವ ಎರಡು ಅಡ್ಡ ಕಂಬಿಗಳು. ಅವು ನೆಟ್ಟಗೇ ಇರುತ್ತವೆ, ಎತ್ತರ ಬೇರೆ ಬೇರೆ ಅಷ್ಟೇ. ಅಂತರರಾಷ್ಟ್ರೀಯ ಅಳತೆಯಲ್ಲಿ ಕೆಳಗಿನದು 1.70 ಮೀಟರ್, ಮೇಲಿನದು 2.50 ಮೀಟರ್. ಮಹಿಳೆಯರ ಸ್ಪರ್ಧೆ ಇದು. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಇದನ್ನು ‘ಎಸಿಮೆಟ್ರಿಕ್ ಬಾರ್ಸ್’ ಅನ್ನುತ್ತಾರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ 14 ವರ್ಷದ ನಾಡಿಯಾ ಕೊಮಾನೆಚಿ ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನ ಮೊದಲ ಪೂರ್ತಿ 10 ಅಂಕ ತೆಗೆದದ್ದು ಈ ಬಾರ್‌ಗಳ ಮೇಲೆಯೇ. ಫಲಕದಲ್ಲಿ 10.00 ತೋರಿಸಲು ಜಾಗ ಇರಲಿಲ್ಲ, 1.00 ಅಂತ ಬಂತು. ಅನೀವನ್ ಅನ್ನೋದು ದೋಷದ ಹೆಸರಾಗದೆ, ಬೇಕಂತಲೇ ಹಾಗೆ ಮಾಡಿಟ್ಟದ್ದರ ಹೆಸರಾಗಿರುವ ಅಪರೂಪದ ಜಾಗ ಇದು.

## ಸ್ವಲ್ಪ ಸೂಕ್ಷ್ಮದ ಪ್ರಶ್ನೆಗಳು

ನನ್ನ ಪ್ರಬಂಧದ ಮೇಲೆ ‘ಅನೀವನ್’ ಅಂತ ಬರೆದಿದ್ದಾರೆ. ಚೆನ್ನಾಗಿಲ್ಲ ಅಂತಾನಾ?

ಇದನ್ನು ಕೇಳಿದವಳು ಒಬ್ಬ ವಿದ್ಯಾರ್ಥಿನಿ. ನಿಘಂಟು ನೋಡಿ ‘ಸಮರ್ಪಕವಾಗಿಲ್ಲ’ ಅಂತ ಓದಿಕೊಂಡು ಎರಡು ದಿನ ಬೇಜಾರಿನಲ್ಲಿದ್ದಳು. ನಾನು ಆ ಪ್ರಬಂಧ ತರಿಸಿಕೊಂಡು ಓದಿದೆ. ಮೊದಲ ಎರಡು ಪುಟ ಎಷ್ಟು ಬಿಗಿಯಾಗಿತ್ತು ಅಂದರೆ ಒಂದು ಪದ ತೆಗೆಯೋಕೆ ಆಗಲ್ಲ. ನಡುವಿನ ಪುಟಗಳಲ್ಲಿ ಅದೇ ಮಾತು ಮೂರು ಸಲ ಬಂದಿತ್ತು. ಕೊನೆಗೆ ಮತ್ತೆ ಒಳ್ಳೆ ಹಿಡಿತ ಸಿಕ್ಕಿತ್ತು. ಟಿಪ್ಪಣಿ ಬರೆದವರು ಹೇಳಿದ್ದು ಅಷ್ಟೇ.

ಕೆಲಸದ ಬಗ್ಗೆ ಅನೀವನ್ ಅನ್ನುವಾಗ ಅದರೊಳಗೆ ಒಂದು ಮೆಚ್ಚುಗೆ ಇದ್ದೇ ಇರುತ್ತದೆ. ಎಲ್ಲೋ ಒಂದು ಕಡೆ ಎತ್ತರ ಮುಟ್ಟಿದ್ದರೆ ತಾನೇ ಇನ್ನೊಂದು ಕಡೆ ತಗ್ಗು ಅಂತ ಹೇಳೋದು? ಪೂರ್ತಿ ಕಳಪೆಯಾದದ್ದನ್ನು ಅನೀವನ್ ಅನ್ನಲ್ಲ, ಅದು ಒಂದೇ ಸಮನೆ ಕಳಪೆ. ಸಿನಿಮಾ, ಪುಸ್ತಕದ ವಿಮರ್ಶೆಯಲ್ಲಿ ಈ ಪದ ಕಂಡರೆ ‘ಕೆಲವು ಭಾಗ ಚೆನ್ನಾಗಿದೆ, ಕೆಲವು ಸಪ್ಪೆ’ ಅಂತ ಓದಿಕೊಳ್ಳಿ. ಕನ್ನಡಕ್ಕೆ ತರುವಾಗ ದಯವಿಟ್ಟು ‘ಕಳಪೆ’, ‘ಅಸಮರ್ಪಕ’ ಅಂತ ಬರೆಯಬೇಡಿ. ‘ಏರಿಳಿತ ಇದೆ’ ಅನ್ನಿ, ‘ಎಲ್ಲಾ ಕಡೆ ಒಂದೇ ಹದ ಇಲ್ಲ’ ಅನ್ನಿ. ಹದ ಅನ್ನೋದು ಎಷ್ಟು ಒಳ್ಳೆಯ ಪದ, ಇಲ್ಲಿ ಅದು ಹೇಳಿ ಮಾಡಿಸಿದ ಹಾಗಿದೆ.

‘ಅನೀವನ್ ಮ್ಯಾಚ್’ ಅಂದ್ರೆ ಆಟದಲ್ಲಿ ಏರಿಳಿತ ಇತ್ತು ಅಂತಾನಾ?

ಅಲ್ಲ, ಇಲ್ಲಿ ಅರ್ಥ ಹೊರಳುತ್ತದೆ. ಮ್ಯಾಚ್, ಫೈಟ್, ಕಾಂಟೆಸ್ಟ್ ಜೊತೆ ಬಂದರೆ ಎರಡು ಕಡೆಯವರ ಬಲ ಸಮ ಇರಲಿಲ್ಲ ಅಂತ. ‘ಜೋಡಿ ಸರಿ ಇರಲಿಲ್ಲ’, ‘ಏಕಪಕ್ಷೀಯ’ ಅನ್ನಬಹುದು. ‘ಅನೀವನ್ ಪರ್ಫಾರ್ಮೆನ್ಸ್’ ಅಂದರೆ ಮಾತ್ರ ಒಬ್ಬರ ಆಟದೊಳಗಿನ ಏರಿಳಿತ.

ಯಾರದೋ ಮುಖದ ಬಗ್ಗೆ ‘ಅನೀವನ್ ಸ್ಕಿನ್ ಟೋನ್’ ಅಂದರೆ ಬೇಜಾರಾಗುತ್ತಾ?

ಪದದಲ್ಲಿ ಬೈಗುಳ ಇಲ್ಲ. ಚರ್ಮದ ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತಿಳಿ ಇದೆ ಅಷ್ಟೇ. ಅದು ರೋಗದ ಹೆಸರೂ ಅಲ್ಲ. ಬಣ್ಣ ಕೊಡುವ ಮೆಲನಿನ್ ಎಲ್ಲಾ ಕಡೆ ಒಂದೇ ಪ್ರಮಾಣದಲ್ಲಿ ಇರದಿದ್ದರೆ ಹಾಗೆ ಕಾಣುತ್ತದೆ, ಬಿಸಿಲಿಗೂ ಆಗುತ್ತದೆ. ಆದರೆ ಜಾಹೀರಾತುಗಳು ಇದನ್ನು ಸರಿಪಡಿಸಲೇಬೇಕಾದ ತಪ್ಪು ಅನ್ನುವ ಹಾಗೆ ಬಳಸಿ ಬಳಸಿ ಪದಕ್ಕೆ ಒಂದು ಚುಚ್ಚು ಬಂದಿದೆ. ವೈದ್ಯರು ಹೇಳಿದರೆ ವಿವರಣೆ. ನಾವು ಸುಮ್ನೆ ಎದುರಿಗೆ ಹೇಳಿದರೆ ನೋವಾಗುತ್ತದೆ. ಹೇಳದಿರುವುದೇ ಒಳ್ಳೆಯದು.

ಹಾಗಾದ್ರೆ ಕನ್ನಡದ ‘ಏರುಪೇರು’, ‘ಹೆಚ್ಚುಕಡಿಮೆ’ ಎಲ್ಲವನ್ನೂ ಇಂಗ್ಲಿಷ್‌ಗೆ ಅನೀವನ್ ಅಂತ ತರಬಹುದಾ?

ಆಗಲ್ಲ. ನಮ್ಮ ಜೋಡಿ ಪದಗಳು ಅನೀವನ್‌ಗಿಂತ ತುಂಬಾ ದೂರ ಓಡಾಡುತ್ತವೆ. ‘ಆರೋಗ್ಯದಲ್ಲಿ ಏರುಪೇರಾಯಿತು’ ಅಂದರೆ ಹುಷಾರು ತಪ್ಪಿತು ಅಂತ, ‘ಅನೀವನ್ ಹೆಲ್ತ್’ ಅಂದರೆ ಯಾರಿಗೂ ಅರ್ಥವಾಗಲ್ಲ. ‘ಲೆಕ್ಕದಲ್ಲಿ ಹೆಚ್ಚುಕಡಿಮೆ ಬಂದಿದೆ’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ‘ಡಿಸ್ಕ್ರೆಪೆನ್ಸಿ’. ‘ಹೆಚ್ಚುಕಡಿಮೆ ಮುಗೀತು’ ಅಂದರೆ ‘ಆಲ್‌ಮೋಸ್ಟ್’. ‘ನನಗೇನಾದರೂ ಹೆಚ್ಚುಕಡಿಮೆ ಆದರೆ ಮಕ್ಕಳನ್ನು ನೋಡಿಕೋ’ ಅಂತ ಒಬ್ಬ ತಾಯಿ ಹೇಳುತ್ತಾಳಲ್ಲ, ಅಲ್ಲಿ ಆ ಪದ ಸಾವನ್ನು ಬಾಯಿಬಿಟ್ಟು ಹೇಳದೆ ಹೇಳುತ್ತಿದೆ. ಅದಕ್ಕೆ ಇಂಗ್ಲಿಷ್‌ನವರು ‘ಇಫ್ ಎನಿಥಿಂಗ್ ಹ್ಯಾಪನ್ಸ್ ಟು ಮೀ’ ಅನ್ನುತ್ತಾರೆ. ಅವರೂ ಆ ಪದವನ್ನು ನುಂಗಿಕೊಂಡೇ ಹೇಳುತ್ತಾರೆ.